ಮೈನಸ್ 15ರಲ್ಲಿ ಕುದುರೆ ಸವಾರಿಗೆ ಹಗುರವಾದ, ಬೆಚ್ಚಗಿನ ಕೋಟು ಯಾವುದು?

ಒಟ್ಟಾವಾ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಒಟ್ಟಾವಾ ಹತ್ತಿರದ ಒಂದು ಲಾಯದಲ್ಲಿ ಸವಾರಿ ಕಲಿಯುತ್ತಿದ್ದೇನೆ, ಇಂಗ್ಲಿಷ್ ಜೀನು. ಜನವರಿಯಲ್ಲಿ ಮೈನಸ್ 10ರಿಂದ ಮೈನಸ್ 20 ಮಾಮೂಲು. ಪಾಠ ಹೆಚ್ಚಾಗಿ ಛಾವಣಿ ಇರುವ ಅಂಗಳದಲ್ಲಿ, ಆದರೆ ಹೀಟರ್ ಇಲ್ಲ. ಊರಲ್ಲಿ ಓಡಾಡುವ ಉದ್ದನೆ ಪಾರ್ಕಾ (ಟೊಪ್ಪಿ ಇರುವ ದಪ್ಪ ಕೋಟು) ಹಾಕಿದರೆ ಕೂತಾಗ ಹೊಟ್ಟೆಯ ಹತ್ತಿರ ಗುಡ್ಡೆಯಾಗುತ್ತದೆ, ಮೊಣಕೈ ಸಲೀಸಾಗಿ ಮಡಚುವುದಿಲ್ಲ. ಟ್ರಾಟ್ (ಕುದುರೆಯ ಮಧ್ಯಮ ವೇಗದ ಓಟ) ಶುರುವಾದರೆ ಬೆವರು, ಇಳಿದ ಮೇಲೆ ನಡುಕ. ಒಳಗೆ ಪುಕ್ಕ ತುಂಬಿದ ಡೌನ್ ತಗೊಳ್ಳಲಾ, ಸಿಂಥೆಟಿಕ್ಕಾ? ಬಜೆಟ್ 200 ಕೆನಡಿಯನ್ ಡಾಲರ್.

ಲಗಾಮು

ಒಳಗೆ ಏನು ತುಂಬಿದ್ದಾರೆ ಅನ್ನುವುದು ಆಮೇಲಿನ ಮಾತು, ಮೊದಲು ಹೊಲಿಗೆ ನೋಡಿ. ನಡೆಯುವವರಿಗೆ ಹೊಲಿದ ಕೋಟು ಎಷ್ಟೇ ಬೆಚ್ಚಗಿದ್ದರೂ ಜೀನಿನ ಮೇಲೆ ಕಾಟವೇ.

ಅಂಗಡಿಯಲ್ಲಿ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಒಂದು ಸ್ಟೂಲಿನ ಮೇಲೆ ಕಾಲು ಅಗಲಿಸಿ ಕೂತು, ಲಗಾಮು ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ. ತೋಳು ಮಣಿಕಟ್ಟಿನಿಂದ ಮೇಲೆ ಸರಿದರೆ ಆ ಅಳತೆ ಬೇಡ. ನಿಂತಾಗ ಎರಡು ಮೂರು ಸೆಂ.ಮೀ. ಉದ್ದ ಅನ್ನಿಸುವ ತೋಳೇ ಕೂತಾಗ ಸರಿಹೋಗುತ್ತದೆ. ಬೆನ್ನಿನ ಮೇಲ್ಭಾಗ ಬಿಗಿಯುತ್ತದಾ ನೋಡಿ. ತೋಳಿನ ಹೊಲಿಗೆ ಭುಜದ ತುದಿಯಲ್ಲಿ ನಿಲ್ಲದೆ ಕಂಕುಳಿನಿಂದ ಕಾಲರ್‌ವರೆಗೆ ಓರೆಯಾಗಿ ಹೋಗುವ ರ‍್ಯಾಗ್ಲನ್ ಮಾದರಿಯಲ್ಲಿ ಈ ತೊಂದರೆ ಕಡಿಮೆ.

ಗುಡ್ಡೆಯಾಗುವುದಕ್ಕೆ ಮದ್ದು ಟೂ-ವೇ ಜಿಪ್. ಕೆಳಗಿನಿಂದ ಒಂದು ಗೇಣು ಬಿಚ್ಚಿಟ್ಟರೆ ಮುಂಭಾಗ ಎರಡು ಕಡೆಗೂ ತೊಡೆಯ ಮೇಲೆ ಇಳಿಯುತ್ತದೆ. ಹಿಂದೆ ನಡುವಿನಲ್ಲಿ ಸೀಳು ಬೇಕೇ ಬೇಕು, ಟಿಚ್ ಬಟನ್ ಹಾಕಿ ಮುಚ್ಚುವಂಥದ್ದು. ಅದಿಲ್ಲದ ಉದ್ದ ಕೋಟಿನ ಮೇಲೆ ನೀವೇ ಕೂತುಬಿಡುತ್ತೀರಿ. ಪ್ರತಿ ಸಲ ಏಳುವಾಗ ಕಾಲರ್ ಕುತ್ತಿಗೆ ಎಳೆಯುತ್ತದೆ, ಇಳಿಯುವಾಗ ಅಂಚು ಜೀನಿನ ಹಿಂಬದಿಯ ಏರಿಗೆ ಸಿಕ್ಕಿಕೊಳ್ಳುತ್ತದೆ. ಆಗ ಕುದುರೆ ಒಂದು ಹೆಜ್ಜೆ ಸರಿದರೂ ಅಪಾಯ. ಕಲಿಯುವವರಿಗೆ ಸೊಂಟದ ಮೂಳೆ ದಾಟಿ ನಾಲ್ಕು ಬೆರಳು ಇಳಿಯುವ ಗಿಡ್ಡ ಜಾಕೆಟ್ಟೇ ವಾಸಿ. ಕೂತ ಭಂಗಿ ಗುರುಗಳ ಕಣ್ಣಿಗೂ ಕಾಣುತ್ತದೆ.

ಇನ್ನೊಂದು ವಿಷಯ, ಬಟ್ಟೆಯ ಸದ್ದು. ಕೈ ಆಡಿಸಿದರೆ ಪ್ಲಾಸ್ಟಿಕ್ ಕವರಿನ ಹಾಗೆ ಸರಸರ ಅನ್ನುವ ನೈಲಾನ್‌ಗೆ ಕೆಲವು ಕುದುರೆ ಬೆಚ್ಚುತ್ತವೆ. ಹೊಸ ಕೋಟು ಹಾಕಿದ ದಿನ ಹತ್ತುವ ಮೊದಲು ಕುದುರೆಯ ಪಕ್ಕ ನಿಂತು ನಾಲ್ಕು ಸಲ ಕೈ ಆಡಿಸಿ, ಅದರ ಕಿವಿ ನೋಡಿ.

ಉಣ್ಣೆ ಪದರ

ಹೊಲಿಗೆ ಬಗ್ಗೆ ಮೇಲಿನವರು ಹೇಳಿದ್ದು ಸರಿ. ತುಂಬಿದ್ದರ ಬಗ್ಗೆ ನಾನು ಹೇಳುತ್ತೇನೆ.

ನೀವು ಹುಡುಕುತ್ತಿರುವ ಒಂದೇ ಕೋಟು ಸಿಗುವುದಿಲ್ಲ. ಕುದುರೆ ಉಜ್ಜುತ್ತ, ಜೀನು ಕಟ್ಟುತ್ತ ನಿಂತಾಗ ಬೇಕಾದ ಬಿಸಿ ಬೇರೆ, ಟ್ರಾಟ್ ಮಾಡುವಾಗ ಬೇಕಾದದ್ದು ಬೇರೆ. ಮೊದಲನೆಯದಕ್ಕೆ ನಿಮ್ಮ ಪಾರ್ಕಾ ಇದ್ದೇ ಇದೆ. ಅದನ್ನು ಅಂಗಳದ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿ, ಇಳಿದ ತಕ್ಷಣ, ಬೆವರು ತಣ್ಣಗಾಗುವ ಮೊದಲೇ ಹಾಕಿಕೊಳ್ಳಿ. 200 ಡಾಲರ್ ಏನಿದ್ದರೂ ಜೀನಿನ ಮೇಲೆ ಹಾಕುವುದಕ್ಕೆ.

ಮೈಗೆ ಅಂಟಿ ಮೆರಿನೊ ಉಣ್ಣೆಯ ಬನಿಯನ್, ಚದರ ಮೀಟರಿಗೆ 150ರಿಂದ 200 ಗ್ರಾಂ. ಹತ್ತಿ ಬನಿಯನ್ ಬೇಡವೇ ಬೇಡ, ಬೆವರು ಹಿಡಿದಿಟ್ಟುಕೊಂಡು ನಿಮ್ಮ ನಡುಕಕ್ಕೆ ಅದೇ ಕಾರಣವಾಗುತ್ತದೆ. ಅದರ ಮೇಲೆ ತೆಳು ಫ್ಲೀಸ್. ಹೊರಗೆ 60ರಿಂದ 100 ಗ್ರಾಂ ಸಿಂಥೆಟಿಕ್ ತುಂಬಿದ, ಗಾಳಿ ತಡೆಯುವ ಜಾಕೆಟ್. ಈ ಗ್ರಾಂ ಕೋಟಿನ ತೂಕವಲ್ಲ, ಒಂದು ಚದರ ಮೀಟರಿನಲ್ಲಿ ತುಂಬಿರುವುದು; ಚೀಟಿಯಲ್ಲಿ ಬರೆದಿರುತ್ತಾರೆ. 200 ಗ್ರಾಂನದು ನಿಂತವರಿಗೆ, ಸವಾರಿಗೆ ಅತಿಯಾಯಿತು. ಮೈಗೆ 100, ತೋಳಿಗೆ 60 ತುಂಬಿದ್ದು ಸಿಕ್ಕರೆ ಬಿಡಬೇಡಿ, ಮೊಣಕೈ ಸಲೀಸಾಗಿ ಮಡಚುತ್ತದೆ.

ಡೌನ್ ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಒಳಪುಕ್ಕ. ತೂಕಕ್ಕೆ ಹೋಲಿಸಿದರೆ ಅದರಷ್ಟು ಬಿಸಿ ಬೇರೆಯದರಲ್ಲಿಲ್ಲ. ಆದರೆ ಒದ್ದೆಯಾದರೆ ಮುದ್ದೆಯಾಗುತ್ತದೆ, ಮತ್ತು ಸವಾರಿಯಲ್ಲಿ ಒದ್ದೆ ಬರುವುದು ಒಳಗಿನಿಂದ. 650, 800 ಅಂತ ಬರೆದ ಫಿಲ್ ಪವರ್ ನೋಡಿ ಮರುಳಾಗಬೇಡಿ. ಒಂದು ಔನ್ಸ್ ಪುಕ್ಕ ಅರಳಿದರೆ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ ಅದು. ಒಟ್ಟು ಎಷ್ಟು ಗ್ರಾಂ ಪುಕ್ಕ ಹಾಕಿದ್ದಾರೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಹೊರಗೆ ಹೋದರೆ ಲೆಕ್ಕ ಬದಲಾಗುತ್ತದೆ. ಗಾಳಿಯೇ ಇಲ್ಲದ ಮೈನಸ್ 15ರಲ್ಲಿ ಗಂಟೆಗೆ 13 ಕಿ.ಮೀ. ವೇಗದ ಟ್ರಾಟ್ ಅಂದರೆ, ಕೆನಡಾದ ವಿಂಡ್‌ಚಿಲ್ (ಗಾಳಿ ಬಡಿದಾಗ ಮೈಗೆ ಅನ್ನಿಸುವ ಚಳಿ) ಸೂತ್ರದ ಪ್ರಕಾರ ಸುಮಾರು ಮೈನಸ್ 22. ಬರಿ ಫ್ಲೀಸ್ ಹಾಕಿದವರಿಗೆ ಅದು ನೇರ ಎದೆಗೆ ಇಳಿಯುತ್ತದೆ.

ಅಂಕವಡಿ

ಡೌನ್ ಅನ್ನು ಪೂರ್ತಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಹೊರಗೆ ಒಂದು ಗಂಟೆ ನಡಿಗೆಯಲ್ಲೇ ಹೋಗಿಬರುವ ದಿನ ಬೆವರು ಬರುವುದೇ ಇಲ್ಲ. ಆ ದಿನಕ್ಕೆ ತೆಳು ಡೌನ್, ಮೇಲೆ ಗಾಳಿ ತಡೆಯುವ ಪದರ, ಇದಕ್ಕಿಂತ ಹಗುರವಾದದ್ದಿಲ್ಲ. ಆದರೆ ಅದರ ಬಟ್ಟೆ 20 ಡೆನಿಯರ್ (ನೂಲಿನ ದಪ್ಪದ ಅಳತೆ) ಆಸುಪಾಸು ಇರುತ್ತದೆ, ಲಾಯದ ಬಾಗಿಲ ಚಿಲಕಕ್ಕೆ ತಾಗಿದರೆ ಪುಕ್ಕ ಹಾರುತ್ತದೆ. ಸವಾರಿ ಜಾಕೆಟ್ಟಿಗೆ 40ರಿಂದ 70 ಡೆನಿಯರ್, ನುಣುಪು ಬಟ್ಟೆ ಇರಲಿ. ಹುಲ್ಲು, ಕೂದಲು ಕೊಡವಿದರೆ ಉದುರಬೇಕು. ಫ್ಲೀಸ್ ಮತ್ತು ವೆಲ್ಕ್ರೋ ಎರಡೂ ಹಿಡಿದುಕೊಂಡು ಬಿಡುವುದಿಲ್ಲ.

ಇನ್ನು ಯಾರೂ ಹೇಳದ ಸುರಕ್ಷತೆಯ ಮಾತು. ಜಾಕೆಟ್ಟಿನ ಟೊಪ್ಪಿ ಕಳಚಿಡುವಂಥದ್ದಿರಲಿ, ಹೆಲ್ಮೆಟ್ ಮೇಲೆ ಎಳೆದುಕೊಂಡರೆ ಪಕ್ಕದ ನೋಟ ಹೋಗುತ್ತದೆ, ಬೆನ್ನಿಗೆ ಬಿಟ್ಟರೆ ಟ್ರಾಟ್‌ನಲ್ಲಿ ಪಟಪಟ ಬಡಿಯುತ್ತದೆ. ಜಾಕೆಟ್ಟಿನ ಕೆಳ ಅಂಚಿನ ದಾರದ ಕುಣಿಕೆಗಳನ್ನು ಒಳಗೆ ಸೇರಿಸಿ ಹೊಲಿಸಿ. ಊರಿಂದ ತಂದ ಮಂಕಿ ಕ್ಯಾಪನ್ನು ದಯವಿಟ್ಟು ಹೆಲ್ಮೆಟ್ ಒಳಗೆ ಹಾಕಬೇಡಿ. ದಪ್ಪ ಉಣ್ಣೆ ಸೇರಿದರೆ ಹೆಲ್ಮೆಟ್ ತಲೆಯ ಅಳತೆಗೆ ಕೂರುವುದಿಲ್ಲ, ಬಿದ್ದಾಗ ಜಾರುತ್ತದೆ. ತೆಳುವಾದ ಕಿವಿಪಟ್ಟಿ ಸಾಕು, ಅದನ್ನು ಹಾಕಿದ ಮೇಲೂ ಹೆಲ್ಮೆಟ್ ಅಲುಗಾಡಬಾರದು.

ಏರ್ ವೆಸ್ಟ್ (ಬಿದ್ದಾಗ ಗಾಳಿ ತುಂಬಿ ಉಬ್ಬುವ ರಕ್ಷಾಕವಚ) ಇದ್ದರೆ ಅದು ಎಲ್ಲಕ್ಕಿಂತ ಹೊರಗೆ. ಮೇಲೆ ಬಿಗಿ ಕೋಟು ಹಾಕಿದರೆ ಉಬ್ಬುವುದಕ್ಕೆ ಜಾಗವಿರುವುದಿಲ್ಲ. ಎಷ್ಟು ಚಳಿಯವರೆಗೆ ಕೆಲಸ ಮಾಡುತ್ತದೆ ಅಂತ ಅದರ ಕೈಪಿಡಿಯಲ್ಲಿ ನೋಡಿ. ಫೋಮ್‌ನ ಬಾಡಿ ಪ್ರೊಟೆಕ್ಟರ್ ಉಲ್ಟಾ: ಅದು ತೆಳು ಬಟ್ಟೆಯ ಮೇಲೆ ಮೈಗೆ ಹತ್ತಿರ, ಜಾಕೆಟ್ ಅದರ ಹೊರಗೆ. ಅದನ್ನು ಬಳಸುವವರು ಅದನ್ನು ಹಾಕಿಕೊಂಡೇ ಜಾಕೆಟ್ ಅಳತೆ ನೋಡಬೇಕು.

ಒಟ್ಟಾವಾ ಕನ್ನಡತಿ

ತುಂಬ ಥ್ಯಾಂಕ್ಸ್. ಮೂರು ಪ್ರಶ್ನೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರುತ್ತೇನೆ, ಅಲ್ಲಿ ಟೈಲರ್ ಹತ್ತಿರ ಇರುವ ಜಾಕೆಟ್ಟಿಗೇ ಹಿಂದೆ ಸೀಳು ಹಾಕಿಸಬಹುದಾ? ಬ್ಯಾಟರಿಯ ಹೀಟೆಡ್ ವೆಸ್ಟ್ ಹೇಗೆ? ತೊಡೆ ಮಾತ್ರ ಕೊರೆಯುತ್ತದೆ, ಅದಕ್ಕೇನು?

ಲಗಾಮು

ಡೌನ್ ಜಾಕೆಟ್ಟಿಗೆ ಕತ್ತರಿ ಹಾಕಿಸಬೇಡಿ, ಪುಕ್ಕ ನಿಲ್ಲುವುದಿಲ್ಲ. ಸಿಂಥೆಟಿಕ್ ಆದರೆ ಆಗುತ್ತದೆ: ಹಿಂಭಾಗದ ನಡುವಿನಲ್ಲಿ ಕೆಳಗಿನಿಂದ 25 ಸೆಂ.ಮೀ. ಗುರುತು ಮಾಡಿ, ಕತ್ತರಿಸುವ ಮೊದಲೇ ಆ ಗೆರೆಯ ಎರಡೂ ಪಕ್ಕ ಹೊಲಿಗೆ ಹಾಕಿಸಿ, ಆಮೇಲೆ ಕತ್ತರಿಸಿ ಅಂಚಿಗೆ ಪಟ್ಟಿ ಕೊಡಿಸಿ. ಒಳಗೆ ತ್ರಿಕೋನದ ತುಂಡೊಂದನ್ನು ಜೋಡಿಸಿದರೆ ಸೀಳು ಬಿಚ್ಚಿದಾಗಲೂ ಬೆನ್ನಿಗೆ ಗಾಳಿ ಹೊಡೆಯುವುದಿಲ್ಲ. ಸೀಳಿನ ಮೇಲ್ತುದಿಗೆ ಅಡ್ಡ ಗಟ್ಟಿ ಹೊಲಿಗೆ ಬೇಕು, ಹರಿಯುವುದು ಅಲ್ಲಿಂದಲೇ. ಮಳೆ ಕೋಟಿಗೆ ಹೀಗೆ ಮಾಡಿದರೆ ಆ ಜಾಗದಲ್ಲಿ ನೀರು ಸೋರುತ್ತದೆ.

ಉಣ್ಣೆ ಪದರ

ಹೀಟೆಡ್ ವೆಸ್ಟ್ ನಿಂತು ನೋಡುವವರಿಗೆ ಚೆನ್ನ. ಸವಾರಿಗಾದರೆ ಬ್ಯಾಟರಿ ಎಲ್ಲಿದೆ ನೋಡಿ, ಪಕ್ಕೆಲುಬಿನ ಮೇಲೆ ಗಟ್ಟಿ ಡಬ್ಬಿ ಇಟ್ಟುಕೊಂಡು ಬೀಳುವುದು ಬೇಡ. ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಇಳಿಯುತ್ತದೆ, ಪೆಟ್ಟಿಗೆಯ ಮೇಲೆ ಬರೆದಷ್ಟು ಹೊತ್ತು ಬರುವುದಿಲ್ಲ.

ತೊಡೆಯ ಚಳಿಗೆ ಕೋಟು ಉದ್ದ ಮಾಡಬೇಡಿ. ಒಳಗೆ ಫ್ಲೀಸ್ ಇರುವ, ಹೊರಗೆ ಗಾಳಿ ತಡೆಯುವ ಚಳಿಗಾಲದ ಬ್ರೀಚಸ್ (ಸವಾರಿ ಪ್ಯಾಂಟು) ತಗೊಳ್ಳಿ. ಡೆಕಾತ್ಲಾನ್‌ನ ಸವಾರಿ ಬ್ರ್ಯಾಂಡ್ ಫೂಗಾಂಝಾದಲ್ಲಿ ನೋಡಿ, ಇಲ್ಲವೇ ಸವಾರಿ ಸಾಮಾನಿನ ಅಂಗಡಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಹುಡುಕಿ, ಬೆಲೆ ಇಳಿದಿರುತ್ತದೆ. ಒಗೆಯುವಾಗ ಸಾಫ್ಟನರ್ ಹಾಕಬೇಡಿ, ಬಟ್ಟೆ ನೀರು ಜಾರಿಸುವ ಗುಣ ಕಳೆದುಕೊಳ್ಳುತ್ತದೆ. ಡೌನ್ ಆದರೆ ಡ್ರೈಯರ್‌ನಲ್ಲಿ ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಟೆನಿಸ್ ಚೆಂಡು, ಗಂಟು ಪೂರ್ತಿ ಬಿಡುವವರೆಗೆ.

ಅಂಕವಡಿ

ಬೂಟಿನ ವಿಷಯ ಸೇರಿಸಿಬಿಡುತ್ತೇನೆ. ಚಳಿಗಾಲದ ದಪ್ಪ ಬೂಟು ಹಾಕುವುದಾದರೆ ಅಂಕವಡಿ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಬೂಟಿನ ಅತಿ ಅಗಲದ ಜಾಗಕ್ಕಿಂತ ಒಟ್ಟು 2.5 ಸೆಂ.ಮೀ. ಹೆಚ್ಚು ಅಗಲವಿರಬೇಕು. ಬೇಸಿಗೆಯ ಅಂಕವಡಿಯಲ್ಲೇ ಅದನ್ನು ತುರುಕಿದರೆ ಬಿದ್ದಾಗ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ. ಪಾಠ ಶುರುವಾಗುವ ಮೊದಲೇ ಲಾಯದವರನ್ನು ದೊಡ್ಡ ಅಳತೆಯದು ಕೇಳಿ.