ಮನೆಯಲ್ಲಿ ಕುಡಿಯೋಕೆ ಬಾಕ್ಸ್ ವೈನ್: ಬಾಟಲಿ ಬಿಟ್ಟು ಇದಕ್ಕೆ ಬರಬಹುದಾ?

ದ್ರಾಕ್ಷಿಗೊಂಚಲು (ಪ್ರಶ್ನೆ)

ಮನೆಯಲ್ಲಿ ಕುಡಿಯೋರು ಇಬ್ಬರೇ. ಶನಿವಾರ, ಭಾನುವಾರ ರಾತ್ರಿ ತಲಾ ಒಂದು ಗ್ಲಾಸ್, ಅದಕ್ಕಿಂತ ಜಾಸ್ತಿ ಇಲ್ಲ. ಒಬ್ಬರಿಗೆ ಕೆಂಪು ವೈನ್ ಬೇಕು, ಇನ್ನೊಬ್ಬರಿಗೆ ಬಿಳಿ. ಹಾಗಾಗಿ ಎರಡು ಬಾಟಲಿ ಒಟ್ಟಿಗೆ ತೆರೆಯಬೇಕು, ಮುಂದಿನ ವಾರಕ್ಕೆ ಎರಡೂ ರುಚಿ ಕಳೆದುಕೊಂಡಿರುತ್ತವೆ. 3 ಲೀಟರಿನ ಬಾಕ್ಸ್ ತಂದರೆ ತೆರೆದ ಮೇಲೂ ಆರು ವಾರ ಚೆನ್ನಾಗಿರುತ್ತದೆ ಅಂತ ಡಬ್ಬದ ಮೇಲೇ ಬರೆದಿದೆ. ಇದನ್ನು ನಂಬಬಹುದಾ? ಕೆಂಪನ್ನೂ ಫ್ರಿಜ್‌ನಲ್ಲಿ ಇಡಬೇಕಾ? ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಇದ್ದರೆ ವಾಸನೆ ಹಿಡಿಯುವುದಿಲ್ಲವಾ? ಬಾಕ್ಸ್ ಅಂದರೆ ಅಗ್ಗದ ಮಾಲು ಅನ್ನುವ ಮಾತು ಬಿಟ್ಟು, ಬಳಕೆಯ ಲೆಕ್ಕದಲ್ಲಿ ಒಳಿತು ಕೆಡುಕು ತಿಳಿದವರು ಹೇಳಿ.

ನಲ್ಲಿತಿರುಪು

ಮೊದಲು ಒಂದು ವಿಷಯ ನೋಡಿಕೊಳ್ಳಿ: ಡಬ್ಬದ ಒಳಗೆ ಚೀಲ ಮತ್ತು ನಲ್ಲಿ ಇದೆಯಾ, ಇಲ್ಲ ಹಾಲು, ಜ್ಯೂಸ್ ಬರುವಂಥ ತಿರುಪು ಮುಚ್ಚಳದ ಪೊಟ್ಟಣವಾ? ಎರಡಕ್ಕೂ ಜನ ಬಾಕ್ಸ್ ವೈನ್ ಅಂತಲೇ ಹೇಳುತ್ತಾರೆ. ಪೊಟ್ಟಣದಲ್ಲಿ ವೈನ್ ಸುರಿದಷ್ಟೂ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ, ಅಂದರೆ ತೆರೆದ ಬಾಟಲಿಯದೇ ಕಥೆ. ಫ್ರಿಜ್‌ನಲ್ಲಿಟ್ಟರೂ ಮೂರರಿಂದ ಐದು ದಿನ. ಆರು ವಾರದ ಮಾತು ಚೀಲ ಇರುವ ಡಬ್ಬಕ್ಕೆ ಮಾತ್ರ.

ಚೀಲದಲ್ಲಿ ವೈನ್ ಇಳಿದಂತೆ ಚೀಲವೂ ಕುಗ್ಗುತ್ತದೆ, ಒಳಗೆ ಗಾಳಿಗೆ ಜಾಗವೇ ಆಗುವುದಿಲ್ಲ. ಇಡೀ ಲಾಭ ಇಷ್ಟರಲ್ಲೇ ಇದೆ. 1965ರಲ್ಲಿ ಆಸ್ಟ್ರೇಲಿಯಾದ ಥಾಮಸ್ ಆಂಗೋವ್ ಪೇಟೆಂಟ್ ಪಡೆದ ಮೊದಲ ಮಾದರಿಗೆ ನಲ್ಲಿಯೇ ಇರಲಿಲ್ಲ. ಚೀಲದ ಮೂಲೆ ಕತ್ತರಿಸಿ ಸುರಿದು, ಮತ್ತೆ ಕ್ಲಿಪ್ ಹಾಕಿ ಬಿಗಿಯಬೇಕಿತ್ತು. ಗಾಳಿಯಾಡದ ನಲ್ಲಿ ಬಂದಿದ್ದು 1967ರಲ್ಲಿ, ಆಮೇಲೆಯೇ ಇದು ನಿಜವಾಗಿ ಬಳಕೆಗೆ ಬಂತು. ಇವತ್ತಿಗೂ ಡಬ್ಬದಲ್ಲಿ ಕೈಕೊಡುವ ಭಾಗ ಬಹುಮಟ್ಟಿಗೆ ನಲ್ಲಿ ಮತ್ತು ಅದರ ಕುತ್ತಿಗೆಯೇ.

ಈಗ ನಿಮ್ಮ ಲೆಕ್ಕ. 3 ಲೀಟರ್ ಅಂದರೆ 750 ಮಿ.ಲೀ.ನ ನಾಲ್ಕು ಬಾಟಲಿ, 150 ಮಿ.ಲೀ.ನಂತೆ 20 ಗ್ಲಾಸ್. ಇಬ್ಬರೂ ಒಂದೇ ವೈನ್ ಕುಡಿದರೆ ವಾರಕ್ಕೆ 4 ಗ್ಲಾಸ್, ಐದು ವಾರದಲ್ಲಿ ಖಾಲಿ. ಅವಧಿಯೊಳಗೆ ಮುಗಿಯಿತು. ಆದರೆ ಕೆಂಪು ಒಂದು, ಬಿಳಿ ಒಂದು ಅಂತ ಎರಡು ಡಬ್ಬ ತೆರೆದರೆ ಒಂದೊಂದರಿಂದಲೂ ವಾರಕ್ಕೆ 2 ಗ್ಲಾಸ್ ಮಾತ್ರ ಇಳಿಯುತ್ತದೆ, ಹತ್ತು ವಾರ ಬೇಕು. ಆಗ ಕೊನೆಯ ಏಳೆಂಟು ಗ್ಲಾಸ್ ಪೆಟ್ಟು ತಿಂದ ವೈನ್. ನಿಮಗೆ 1.5 ಲೀಟರಿನ ಚಿಕ್ಕ ಡಬ್ಬಗಳೇ ಸರಿ: 10 ಗ್ಲಾಸ್, ಐದು ವಾರ. ಚಿಕ್ಕದು ಸಿಗದಿದ್ದರೆ ಎರಡಕ್ಕೂ ಅರ್ಧ ಅಳತೆಯ (375 ಮಿ.ಲೀ.) ಬಾಟಲಿ.

ಹುಳಿಮೂಗು

ಮೇಲಿನ ಲೆಕ್ಕ ಒಪ್ಪುತ್ತೇನೆ, ಆದರೆ ಆರು ವಾರವನ್ನು ಗಡುವು ಅಂದುಕೊಳ್ಳಬೇಡಿ. ಅದು ತಂಪಿನಲ್ಲಿಟ್ಟರೆ ಸಿಗುವ ಮೇಲಿನ ಮಿತಿ. ಯಾವ ಪ್ಲಾಸ್ಟಿಕ್ಕೂ ಗಾಜಿನಷ್ಟು ಬಿಗಿಯಲ್ಲ. ಚೀಲದ ಹಾಳೆಯಲ್ಲಿ ಲೋಹದ ಲೇಪ ಇರಬಹುದು, ಇಲ್ಲವೇ ಆಮ್ಲಜನಕ ತಡೆಯುವ ವಿಶೇಷ ಪದರ ಇರಬಹುದು, ಆದರೂ ಹಾಳೆಯ ಮೂಲಕ, ಅದಕ್ಕಿಂತ ನಲ್ಲಿಯ ಮೂಲಕ, ಗಾಳಿ ಚೂರುಚೂರೇ ಒಳಗೆ ಹೋಗುತ್ತಲೇ ಇರುತ್ತದೆ. ಬಿಸಿ ಹೆಚ್ಚಾದಷ್ಟೂ ಈ ಸೋರಿಕೆಯೂ ಹೆಚ್ಚು, ವೈನ್ ಕೆಡುವ ವೇಗವೂ ಹೆಚ್ಚು. ಆದ್ದರಿಂದ ತೆರೆದ ಮೇಲೆ ಬಿಳಿಯಾಗಲಿ ಕೆಂಪಾಗಲಿ ಫ್ರಿಜ್‌ನಲ್ಲೇ ಇರಲಿ. ಕೆಂಪನ್ನು ಗ್ಲಾಸಿಗೆ ಬಗ್ಗಿಸಿ 20–30 ನಿಮಿಷ ಹೊರಗಿಟ್ಟರೆ ಕುಡಿಯುವ ಹದಕ್ಕೆ ಬರುತ್ತದೆ. ಫ್ರೀಜರ್ ಬೇಡ.

ತೆರೆಯದ ಡಬ್ಬಕ್ಕೂ ಇದೇ ಮಾತು. ಬಾಟಲಿಯಂತೆ ವರ್ಷಗಟ್ಟಲೆ ಇಟ್ಟು ಹಳೆಯದಾಗಿಸುವ ವಸ್ತುವಲ್ಲ ಇದು. ತುಂಬಿದ ದಿನದಿಂದ ಆರರಿಂದ ಹನ್ನೆರಡು ತಿಂಗಳೊಳಗೆ ಕುಡಿದು ಮುಗಿಸಬೇಕು. ಕೊಳ್ಳುವಾಗ ಡಬ್ಬದ ತಳದಲ್ಲೋ ಪಕ್ಕದಲ್ಲೋ ಮುದ್ರಿಸಿದ ದಿನಾಂಕ ಹುಡುಕಿ. ವೈನಿನ ಹೆಸರಿಗಿಂತ ಆ ದಿನಾಂಕವೇ ಮುಖ್ಯ ಅಂತ ನನ್ನ ಅಭಿಪ್ರಾಯ. ಧೂಳು ಹಿಡಿದು ಕೂತ ಡಬ್ಬ ಎಷ್ಟು ರಿಯಾಯಿತಿಯಲ್ಲಿ ಸಿಕ್ಕರೂ ಬೇಡ.

ಪ್ಲಾಸ್ಟಿಕ್ ವಾಸನೆ ವೈನಿಗೆ ಹಿಡಿಯುತ್ತದೆ ಅನ್ನುವುದು ದೊಡ್ಡ ಭಯ, ಆದರೆ ಸಾಮಾನ್ಯವಾಗಿ ಆಗುವುದು ಅದರ ತಿರುಗುಮುರುಗು: ಒಳಪದರದ ಪಾಲಿಥಿನ್ನೇ ವೈನಿನ ಪರಿಮಳವನ್ನು ಸ್ವಲ್ಪಸ್ವಲ್ಪ ಹೀರಿಕೊಳ್ಳುತ್ತದೆ. ಹಣ್ಣಿನ ಘಮ ಮಂಕಾಗುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಡೆ, ಕೆಟ್ಟ ಕಾರ್ಕ್‌ನಿಂದ ಬರುವ ಒದ್ದೆ ರಟ್ಟಿನಂಥ ಮುಗ್ಗಲು ವಾಸನೆಯ ಕಾಟ ಇಲ್ಲಿಲ್ಲ.

ಕೆಟ್ಟಿದೆಯಾ ಅಂತ ಗೊತ್ತಾಗುವುದು ಹೀಗೆ. ಬಿಳಿ ವೈನ್ ಗಾಢ ಹಳದಿಗೆ, ಆಮೇಲೆ ಕಂದು ಛಾಯೆಗೆ ತಿರುಗುತ್ತದೆ, ಕತ್ತರಿಸಿಟ್ಟ ಸೇಬಿನ ವಾಸನೆ ಬರುತ್ತದೆ. ಕೆಂಪು ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ, ಹಣ್ಣಿನ ಸಿಹಿ ಅಡಗಿ ಒಗರು ಉಳಿಯುತ್ತದೆ. ವಿನೆಗರ್ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣದ ನಾತ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ಮೊದಲೆರಡು ಹಂತದ ವೈನ್ ಅಡುಗೆಗೆ ನಡೆಯುತ್ತದೆ, ಮೂರನೆಯದು ಅದಕ್ಕೂ ಬೇಡ.

ನಲ್ಲಿತಿರುಪು

ತೆರೆಯುವ ಕ್ರಮ ಹೇಳಿಬಿಡುತ್ತೇನೆ, ಅರ್ಧ ತೊಂದರೆ ಅಲ್ಲೇ ಶುರುವಾಗುತ್ತದೆ. ನಲ್ಲಿಯ ಗುರುತು ಮೇಲೆ ಬರುವಂತೆ ಡಬ್ಬವನ್ನು ಮಲಗಿಸಿ. ಗೀರು ಹಾಕಿದ ರಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒಡೆಯಿರಿ. ಚಾಕು, ಕತ್ತರಿ ತಾಗಿಸಲೇಬೇಡಿ, ಚೀಲ ಅದರ ಹಿಂದೆಯೇ ಇರುತ್ತದೆ. ನಲ್ಲಿಯ ಕುತ್ತಿಗೆ ಹಿಡಿದು ಹೊರಗೆಳೆಯಿರಿ, ನಲ್ಲಿ ತೆರೆಯುವ ಸನ್ನೆ (ಲಿವರ್) ಹಿಡಿದು ಎಳೆದರೆ ಅಲ್ಲೇ ವೈನ್ ಚಿಮ್ಮುತ್ತದೆ. ಕುತ್ತಿಗೆಯ ಎರಡು ಬಳೆಗಳ ನಡುವೆ ರಟ್ಟಿನ ಅಂಚು ಕೂರಬೇಕು. ಹಾಗೆ ಕೂರದಿದ್ದರೆ ಪ್ರತಿ ಸಲ ಒತ್ತಿದಾಗಲೂ ನಲ್ಲಿ ಒಳಕ್ಕೆ ಜಾರಿ, ಕೊನೆಗೆ ಕುತ್ತಿಗೆಯ ಬೆಸುಗೆ ಬಿಡುತ್ತದೆ. ಸುರಕ್ಷತಾ ಪಟ್ಟಿ ಕಿತ್ತು, ಡಬ್ಬ ನಿಲ್ಲಿಸಿ, ಕಪಾಟಿನ ಅಂಚಿಗೆ ನಲ್ಲಿ ಹೊರಚಾಚುವಂತೆ ಇಡಿ.

ಬಗ್ಗಿಸುವಾಗ ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರೆಬರೆ ತೆರೆದು ತೊಟ್ಟಿಕ್ಕಿಸಿದರೆ ಗುಳುಗುಳು ಎಂದು ಗಾಳಿಗುಳ್ಳೆ ಒಳಗೆ ಸೇರುತ್ತದೆ. ವೈನ್ ಕೆಳಮಟ್ಟಕ್ಕೆ ಬಂದ ಮೇಲೆ ಡಬ್ಬವನ್ನು ಮುಂದಕ್ಕೆ ವಾಲಿಸಿ, ನಲ್ಲಿ ಯಾವಾಗಲೂ ವೈನಿನಲ್ಲಿ ಮುಳುಗಿರಲಿ. ಧಾರೆ ನಿಂತರೆ ಖಾಲಿಯಾಯಿತು ಅಂದುಕೊಂಡು ಎಸೆಯಬೇಡಿ, ಮಡಿಕೆಗಳಲ್ಲಿ ಇನ್ನೂ ಒಂದು ಗ್ಲಾಸಿನಷ್ಟು ಸಿಕ್ಕಿಕೊಂಡಿರಬಹುದು. ಚೀಲವನ್ನು ಹೊರತೆಗೆದು, ನಲ್ಲಿ ಕೆಳಗೆ ಮಾಡಿ ಹಿಡಿದು, ಮೇಲಿನಿಂದ ಸವರಿ ಇಳಿಸಿ.

ಬಗ್ಗಿಸಿದ ಮೇಲೆ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಅಭ್ಯಾಸವಾಗಲಿ. ಅಲ್ಲಿ ನಿಂತ ಹನಿಗೆ ಹಣ್ಣಿನ ನೊಣ ಬರುತ್ತದೆ, ಅಂಟು ಒಣಗಿ ನಲ್ಲಿ ಸರಿಯಾಗಿ ಮುಚ್ಚುವುದಿಲ್ಲ, ಮುಂದಿನ ಗ್ಲಾಸಿಗೆ ಮೊದಲು ಬೀಳುವುದೇ ಹುಳಿತ ಹನಿ.

ಅಳತೆಗೋಲು

ಎಲ್ಲರೂ ವೈನ್ ಕೆಡುವುದನ್ನೇ ಹೇಳುತ್ತಿದ್ದೀರಿ. ಮನೆಯಲ್ಲಿ ಬಾಕ್ಸ್ ಇಡುವುದರ ದೊಡ್ಡ ಕೆಡುಕು ಬೇರೆ: ಎಷ್ಟು ಕುಡಿದೆವು ಅಂತ ಕಣ್ಣಿಗೆ ಕಾಣುವುದಿಲ್ಲ. ಬಾಟಲಿ ಅರ್ಧಕ್ಕೆ ಬಂದರೆ ಗೊತ್ತಾಗುತ್ತದೆ, ಮುಗಿದರೆ ಇನ್ನೊಂದನ್ನು ತೆರೆಯಬೇಕಾ ಅಂತ ಯೋಚಿಸುತ್ತೇವೆ. ನಲ್ಲಿಗೆ ಅಂಥ ತಡೆ ಏನೂ ಇಲ್ಲ.

12% ಮದ್ಯಾಂಶದ 150 ಮಿ.ಲೀ. ವೈನಿನಲ್ಲಿ ಸುಮಾರು 14 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅಗಲದ ಗ್ಲಾಸಿಗೆ ಕಣ್ಣಂದಾಜಿನಲ್ಲಿ 250 ಮಿ.ಲೀ. ಬಿದ್ದು, ವೈನ್ 14% ಇದ್ದರೆ ಅದು 27–28 ಗ್ರಾಂ, ಹೆಚ್ಚುಕಡಿಮೆ ಎರಡು ಗ್ಲಾಸ್. ಕುಡಿದವರ ಲೆಕ್ಕದಲ್ಲಿ ಮಾತ್ರ ಅದು ಒಂದೇ! ಅಳತೆ ಲೋಟದಲ್ಲಿ 150 ಮಿ.ಲೀ. ನೀರು ನಿಮ್ಮ ಗ್ಲಾಸಿಗೆ ಸುರಿದು, ಎಲ್ಲಿಗೆ ಬರುತ್ತದೆ ಅಂತ ಒಮ್ಮೆ ಗುರುತು ಮಾಡಿಕೊಳ್ಳಿ. ಇನ್ನೂ ಸುಲಭ ಅಂದರೆ ಡಬ್ಬವನ್ನೇ ತೂಗುವುದು. ವೈನಿನ ಸಾಂದ್ರತೆ ನೀರಿಗೆ ತೀರ ಹತ್ತಿರ, ಹಾಗಾಗಿ ಇಳಿದ ಗ್ರಾಮನ್ನೇ ಮಿ.ಲೀ. ಅಂದುಕೊಂಡರೆ ಸಾಕು. ತೆರೆದ ದಿನಾಂಕ ಮತ್ತು ಆವತ್ತಿನ ತೂಕವನ್ನು ಡಬ್ಬದ ಮೇಲೆ ಬರೆದಿಡಿ. ವಾರಕ್ಕೆ ನಾಲ್ಕು ಗ್ಲಾಸ್ ಅಂದರೆ 600 ಗ್ರಾಂ ಇಳಿಯಬೇಕು. 900 ಇಳಿದಿದ್ದರೆ ವಿಷಯ ಗೊತ್ತಾಯಿತಲ್ಲ.

ವೈನ್ ಹೃದಯಕ್ಕೆ ಒಳ್ಳೆಯದು ಅನ್ನುವ ವಾದ ಇಲ್ಲಿ ತರಬೇಡಿ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಾರಾಂತ್ಯಕ್ಕೆ ಒಂದು ಗ್ಲಾಸಿನ ರೂಢಿ ಇರುವ ಮನೆಗೆ ಬಾಕ್ಸ್ ಅನುಕೂಲ. ನಿಲ್ಲಿಸಲು, ಕಡಿಮೆ ಮಾಡಲು ಕಷ್ಟಪಡುತ್ತಿರುವವರಿರುವ ಮನೆಗೆ ಮಾತ್ರ ಅದು ಬರಲೇಬಾರದು. ಆಸ್ತಮಾ ಇದ್ದು ಸಲ್ಫೈಟ್ (ವೈನ್ ಕೆಡದಂತೆ ಸೇರಿಸುವ ಸಂರಕ್ಷಕ) ಆಗದವರೂ ಎಚ್ಚರ ವಹಿಸಬೇಕು, ಒಳಬರುವ ಗಾಳಿಯನ್ನು ತಾಳಲಿ ಅಂತ ಡಬ್ಬಕ್ಕೆ ತುಂಬುವಾಗ ಸಲ್ಫೈಟನ್ನು ಸ್ವಲ್ಪ ಹೆಚ್ಚೇ ಇಡುವುದುಂಟು.

ದ್ರಾಕ್ಷಿಗೊಂಚಲು

ತುಂಬ ಉಪಯೋಗವಾಯಿತು, 1.5 ಲೀಟರಿನದೇ ಹುಡುಕುತ್ತೇನೆ. ಇನ್ನೆರಡು ಪ್ರಶ್ನೆ. ಚೀಲ ಉಬ್ಬಿದ್ದರೆ ಏನರ್ಥ? ರಟ್ಟಿನ ತಳ ಒದ್ದೆಯಾದರೆ ಉಳಿದ ವೈನನ್ನು ಉಳಿಸಿಕೊಳ್ಳಬಹುದಾ? ಖಾಲಿ ಡಬ್ಬವನ್ನು ಹಾಗೇ ಮರುಬಳಕೆಗೆ ಹಾಕಬಹುದಲ್ಲವಾ?

ಹುಳಿಮೂಗು

ಎರಡು ಅಂದು ಮೂರು ಕೇಳಿದಿರಿ :) ಉಬ್ಬಿ ಬಿಗಿಯಾಗಿದ್ದರೆ ಒಳಗೆ ಉಳಿದ ಸಕ್ಕರೆ ಮತ್ತೆ ಹುದುಗುತ್ತಿರುವ ಸಾಧ್ಯತೆ ಹೆಚ್ಚು, ಸಿಹಿ ವೈನ್‌ಗಳಲ್ಲಿ ಇದು ಜಾಸ್ತಿ. ಗ್ಲಾಸಿನಲ್ಲಿ ನೊರೆ, ನಾಲಿಗೆಗೆ ಚುರುಗುಟ್ಟುವಿಕೆ, ಮೋಡ ಕವಿದಂಥ ಬಣ್ಣ ಕಂಡರೆ ಅಂಗಡಿಗೆ ವಾಪಸ್ ಕೊಡಿ. ಗುಳ್ಳೆ ಬರುವ ವೈನನ್ನು ಇಂಥ ಚೀಲದಲ್ಲಿ ಮಾರದಿರುವುದಕ್ಕೂ ಕಾರಣ ಇದೇ, ಆ ಒತ್ತಡವನ್ನು ಚೀಲ ತಡೆಯಲಾರದು.

ಸೋರಿಕೆಗೆ ಸಾಗಣೆಯ ಕುಲುಕಾಟವೂ ಕಾರಣವಾಗುತ್ತದೆ. ಹಾಳೆ ಮತ್ತೆ ಮತ್ತೆ ಮಡಿಚಿ ಬಿಚ್ಚಿಕೊಂಡ ಕಡೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ತಳ ಒದ್ದೆ ಕಂಡ ದಿನವೇ ಚೀಲ ಹೊರತೆಗೆಯಿರಿ. ಬಿಸಿನೀರಲ್ಲಿ ತೊಳೆದು ಆರಿಸಿದ ಚಿಕ್ಕ ಗಾಜಿನ ಬಾಟಲಿಗಳಿಗೆ ಬಾಯಿಮಟ್ಟ ತುಂಬಿಸಿ ಬಿರಡೆ ಬಿಗಿದು ಫ್ರಿಜ್‌ನಲ್ಲಿಡಿ, ನಾಲ್ಕೈದು ದಿನದಲ್ಲಿ ಮುಗಿಸಿ. ಅಷ್ಟು ಕುಡಿಯಲಾಗದಿದ್ದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಅಡುಗೆಗೆ ಬಳಸಿ; ಆಗ ಫ್ರೀಜರ್ ಸರಿ, ಕುಡಿಯುವ ವೈನಿಗಷ್ಟೇ ಬೇಡ ಅಂದಿದ್ದು.

ಖಾಲಿ ಡಬ್ಬವನ್ನು ಹಾಗೇ ಹಾಕಬೇಡಿ. ರಟ್ಟು ಬೇರೆ ಮಾಡಿ, ಅದು ಕಾಗದದ ಜತೆ ಹೋಗುತ್ತದೆ. ಚೀಲದಲ್ಲಿ ಬೇರೆಬೇರೆ ಪದರಗಳು ಅಂಟಿಕೊಂಡಿರುವುದರಿಂದ ಹೆಚ್ಚಿನ ಕಡೆ ಅದನ್ನು ತೆಗೆದುಕೊಳ್ಳುವುದಿಲ್ಲ. ಆದರೂ ನಾಲ್ಕು ಗಾಜಿನ ಬಾಟಲಿಗಳೇ ಒಂದೂವರೆ, ಎರಡು ಕಿಲೋ ತೂಗುವಾಗ ಇಲ್ಲಿ ಎಸೆಯುವುದು ಹಿಡಿ ಗಾತ್ರದ ಒಂದು ಚೀಲ. ಎಸೆಯುವ ಮುನ್ನ ನಲ್ಲಿ ತೆರೆದು ನೀರು ಹಾಯಿಸಿಬಿಡಿ, ಇಲ್ಲದಿದ್ದರೆ ಕಸದ ಬುಟ್ಟಿಗೂ ನೊಣ.