ವಿಂಡೋಸ್ 11 ಹೋಮ್‌ನಿಂದ ಪ್ರೋಗೆ ಹೋಗ್ಬೇಕಾ? ಸಹಾಯ ಬೇಕು

ನಮಸ್ಕಾರ. ಮನೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಹೋಮ್ ಇದೆ, ಪ್ರೋಗೆ ದುಡ್ಡು ಕೊಡಬೇಕಾ ಬೇಡವಾ ಅಂತ ತೀರ್ಮಾನಕ್ಕೆ ಬರೋಕೆ ಆಗ್ತಿಲ್ಲ. ಪ್ರೋನಲ್ಲಿ ಸಿಗೋ ಹೈಪರ್-ವಿ (ಕಂಪ್ಯೂಟರ್ ಒಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ನಡೆಸೋದು), ಗ್ರೂಪ್ ಪಾಲಿಸಿ (ವಿಂಡೋಸ್ ನಿಯಮಗಳನ್ನ ಒಂದೇ ಕಡೆ ಹೊಂದಿಸೋದು) ಇವೆಲ್ಲ ನನಗೆ ಬೇಡ. ಹೊರಗಿನಿಂದ ಮನೆಯ ಕಂಪ್ಯೂಟರ್‌ಗೆ ಕನೆಕ್ಟ್ ಆಗೋಕೆ ರಿಮೋಟ್ ಡೆಸ್ಕ್‌ಟಾಪ್ ಇದ್ರೆ ಒಳ್ಳೇದು (ಹೋಮ್‌ನಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಆದರೆ ಇದರೊಳಕ್ಕೆ ಬರೋಕೆ ಆಗಲ್ಲ), ಅದಕ್ಕೆ ಬೇರೆ ಆ್ಯಪ್ ಹಾಕ್ಕೊಂಡ್ರೂ ನಡೆಯುತ್ತೆ.

ನಿಜವಾಗಿ ಬೇಕಿರೋದು ಡ್ರೈವ್ ಎನ್‌ಕ್ರಿಪ್ಷನ್, ಅಂದ್ರೆ ಕೀ ಇಲ್ಲದೆ ಯಾರೂ ಓದೋಕೆ ಆಗದ ಹಾಗೆ ಡಿಸ್ಕ್‌ನ ಡೇಟಾ ಲಾಕ್ ಮಾಡೋದು. ಮನೆಯವರೆಲ್ಲರ ದಾಖಲೆ, ಫೋಟೋ ಇದರಲ್ಲೇ ಇವೆ, ಕಳುವಾದ್ರೆ ಯಾರೋ ಡಿಸ್ಕ್ ಬಿಚ್ಚಿ ನೋಡಬಹುದು ಅನ್ನೋ ಭಯ. ಹೋಮ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ಇರುತ್ತೆ ಅಂತ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ, ಆ ಆಯ್ಕೆಯೇ ಕಾಣಿಸಲಿಲ್ಲ. ಸಿಸ್ಟಮ್ ಇನ್ಫರ್ಮೇಷನ್ ಅನ್ನು ಅಡ್ಮಿನ್ ಆಗಿ ತೆರೆದು ಕೆಳಗಡೆ ನೋಡಿದ್ರೆ 'ಪಿಸಿಆರ್7 ಬೈಂಡಿಂಗ್ ಸಪೋರ್ಟ್ ಇಲ್ಲ' ಅಂತ ಬರ್ತಿದೆ (ಪಿಸಿಆರ್7 ಅಂದ್ರೆ ಟಿಪಿಎಂ ಅನ್ನೋ ಭದ್ರತಾ ಚಿಪ್‌ನಲ್ಲಿ ಸೆಕ್ಯೂರ್ ಬೂಟ್ ಸ್ಥಿತಿ ದಾಖಲಾಗೋ ಜಾಗ). ಬಯಾಸ್‌ನಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಕಂಪ್ಯೂಟರ್ ಶುರುವಾಗೋ ವ್ಯವಸ್ಥೆ) ಎರಡೂ ಆನ್ ಇವೆ, ರೀಸ್ಟಾರ್ಟ್ ಮಾಡಿದ್ರೂ ಅದೇ ಸಾಲು.

ಗೊಂದಲ ಇಲ್ಲೇ. ಪ್ರೋ ತಗೊಂಡ ಮೇಲೆ ಅದರಲ್ಲಿರೋ ಡ್ರೈವ್ ಎನ್‌ಕ್ರಿಪ್ಷನ್ ಸೌಲಭ್ಯ ಬಿಟ್‌ಲಾಕರ್ ಕೂಡ ಇದೇ ಕಾರಣ ಹೇಳಿ ನಿಂತುಬಿಟ್ರೆ ದುಡ್ಡು ಸುಮ್ನೆ ಹೋಗುತ್ತೆ ಅಲ್ವಾ?

ಪಿಸಿಆರ್7 ಇಲ್ಲದ ಕಂಪ್ಯೂಟರ್‌ನಲ್ಲಿ ಪ್ರೋ ಹಾಕಿ ಬಿಟ್‌ಲಾಕರ್ ಆನ್ ಮಾಡಿದವರು ಯಾರಾದ್ರೂ ಇದ್ದೀರಾ, ಕೆಲಸ ಮಾಡ್ತಾ? ಅಥವಾ ಹೋಮ್‌ನಲ್ಲೇ ಈ ತೊಂದರೆ ಸರಿ ಮಾಡೋ ದಾರಿ ಇದೆಯಾ?