ಸಣ್ಣ ದೋಣಿಗೆ ಟ್ರೋಲಿಂಗ್ ಮೋಟಾರ್: 30 ಪೌಂಡ್ ಸಾಕಾ, 55 ಬೇಕಾ?

ಹೊಸಹುಟ್ಟು: ನನ್ನದು 12 ಅಡಿಯ ಫೈಬರ್ ದೋಣಿ. ಇಬ್ಬರು ಕೂತು, ಗಾಳ, ಲಂಗರು, ಬ್ಯಾಟರಿ ಎಲ್ಲ ಸೇರಿದರೆ ಸುಮಾರು 350 ಕಿಲೋ. ಓಡಿಸುವುದು ಕೆರೆಯಲ್ಲಿ ಮಾತ್ರ. ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟಾರ್ ಹಾಕಬೇಕು. 30 ಪೌಂಡ್ ತಳ್ಳುಬಲದ್ದು ಸಾಕಾ, 55 ಬೇಕಾ? ಹಿಂದಿನ ಹಲಗೆಯ ತುದಿ ನೀರಿನಿಂದ 15 ಇಂಚು ಮೇಲಿದೆ. ಮೋಟಾರನ್ನು ನೀರಿಗಿಳಿಸುವ ಕೋಲು, ಅಂದರೆ ಶಾಫ್ಟ್, 30 ಇಂಚಿನದೋ, 36 ಇಂಚಿನದೋ? ಹಳೆಯ ಕಾರ್ ಬ್ಯಾಟರಿ ಒಂದಿದೆ, ಅದು ನಡೆಯುತ್ತಾ?

ಗಾಳದಗುಂಡ: ಲೆಕ್ಕ ಸುಲಭ. ಪ್ರತಿ 100 ಪೌಂಡ್ ತೂಕಕ್ಕೆ 2 ಪೌಂಡ್ ತಳ್ಳುಬಲ. 350 ಕಿಲೋ ಅಂದರೆ 770 ಪೌಂಡ್, ಅಂದರೆ 15 ಚಿಲ್ಲರೆ ಸಾಕು. 30 ಅದರ ಎರಡರಷ್ಟು. 55 ಅಂದರೆ ಹತ್ತಿರ ಹತ್ತಿರ ಒಂದು ಹಾರ್ಸ್‌ಪವರ್, ಕೆರೆಯಲ್ಲಿ ಅಷ್ಟು ಯಾಕೆ?

ಎದುರುಗಾಳಿ: "15 ಚಿಲ್ಲರೆ ಸಾಕು" ಅನ್ನುವುದು ಗಾಳಿ ಇಲ್ಲದ ದಿನದ ಮಾತು. ಮಧ್ಯಾಹ್ನ ಎದುರು ಗಾಳಿ ಎದ್ದರೆ ಗೊತ್ತಾಗುತ್ತದೆ. 55 ತಗೊಳ್ಳಿ, ಅರ್ಧ ವೇಗದಲ್ಲಿ ಓಡಿಸಿ.

ಮೀಟರ್‌ಮಾಮ: "ಒಂದು ಹಾರ್ಸ್‌ಪವರ್"! ಇದು ಎಲ್ಲಿಂದ ಬಂತು? ಪೌಂಡ್ ಬಲದ ಅಳತೆ, ಹಾರ್ಸ್‌ಪವರ್ ಬೇರೆಯೇ ಲೆಕ್ಕ. ದೋಣಿಯನ್ನು ಕಂಬಕ್ಕೆ ಕಟ್ಟಿ ಫುಲ್ ಕೊಡಿ. ಹಗ್ಗದ ಮೇಲೆ 55 ಪೌಂಡ್ ಎಳೆತ ಇರುತ್ತದೆ, ದೋಣಿ ಒಂದು ಗೇಣೂ ಹೋಗಿರುವುದಿಲ್ಲ.

ಗಾಳದಗುಂಡ: ಕಂಬಕ್ಕೆ ಕಟ್ಟಿಹಾಕಲು ಯಾರ್ರೀ ಮೋಟಾರ್ ತಗೋತಾರೆ? 55ರ ಮೋಟಾರ್ ಫುಲ್ ಓಡಿದರೆ 12 ವೋಲ್ಟ್, 50 ಆಂಪಿಯರ್, 600 ವ್ಯಾಟ್. ಒಂದು ಹಾರ್ಸ್‌ಪವರ್ 746 ವ್ಯಾಟ್. "ಹತ್ತಿರ ಹತ್ತಿರ" ಅಂದಿದ್ದೆ, ಓದಿ.

ಮೀಟರ್‌ಮಾಮ: 600 ಬ್ಯಾಟರಿಯಿಂದ ಹೋಗುವುದು. ದೋಣಿಗೆ ಸಿಗುವುದಲ್ಲ. ಗಂಟೆಗೆ 5 ಕಿ.ಮೀ. ವೇಗ, 15 ಪೌಂಡ್ ಬಲ ಅಂದುಕೊಳ್ಳಿ. ಸಿಗುವುದು 93 ವ್ಯಾಟ್. ಹಾರ್ಸ್‌ಪವರ್‌ನ ಎಂಟನೇ ಒಂದು ಭಾಗ!

ಗಾಳದಗುಂಡ: ಆ 15 ಪೌಂಡ್ ಎಲ್ಲಿಂದ ತಂದಿರಿ?

ಮೀಟರ್‌ಮಾಮ: ನಿಮ್ಮಿಂದಲೇ. ಮೇಲೆ ನೋಡಿ.

ಗಾಳದಗುಂಡ: ನಾನು ಹೇಳಿದ್ದು ಮೋಟಾರ್ ಆರಿಸುವ ಲೆಕ್ಕ! ಅದನ್ನು ಎಳೆದು ತಂದು ನನ್ನ ಮೇಲೇ ಹಾಕುತ್ತೀರಲ್ಲ, ಇದು ವಾದಾನಾ ಕುಸ್ತಿನಾ?

ಲೆಡ್‌ಬೇಡ: ನೀವಿಬ್ಬರು ಹೊಡೆದಾಡಿ. ಹೊಸಹುಟ್ಟು, ಕಾರ್ ಬ್ಯಾಟರಿ ಬೇಡ. ಅದು ಇಂಜಿನ್‌ಗೆ ಒಂದು ಒದೆ ಕೊಡಲು ಮಾಡಿದ್ದು, ಪದೇ ಪದೇ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಹಾಗೆ ಖಾಲಿ ಮಾಡಿ ತುಂಬಲೆಂದೇ ಮಾಡಿದ ಡೀಪ್ ಸೈಕಲ್ ಬ್ಯಾಟರಿ ತಗೊಳ್ಳಿ. ಲೆಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 55 ಅನ್ನು ಫುಲ್ ಓಡಿಸಿದರೆ 100 ಆಂಪಿಯರ್-ಅವರ್ ಲೆಡ್ ಆ ಅರ್ಧದಲ್ಲಿ ಒಂದು ಗಂಟೆಯೂ ಬರಲ್ಲ. ಲಿಥಿಯಂ ತೂಕವೂ ಅರ್ಧಕ್ಕಿಂತ ಕಡಿಮೆ.

ಎದುರುಗಾಳಿ: "ಫುಲ್ ಓಡಿಸಿದರೆ" ಅಂತ ನೀವೇ ಅಂದಿರಿ. ನಾನು ಅರ್ಧ ವೇಗ ಅಂದೆ. ಕರೆಂಟನ್ನು ಚೂರುಚೂರಾಗಿ ಬಿಟ್ಟು ವೇಗ ಹೊಂದಿಸುವ ಪಿಡಬ್ಲ್ಯೂಎಂ ಕಂಟ್ರೋಲ್ ಇದ್ದರೆ ನಿಧಾನಕ್ಕೆ ಹೋಗುವಾಗ ಕರೆಂಟ್ ಉಳಿಯುತ್ತದೆ. ಐದು ಗೇರಿನ ಹಳೆ ಥರದ್ದು ಹಾಗಲ್ಲ, ಒಂದಷ್ಟು ಕರೆಂಟನ್ನು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ.

ಗಾಳದಗುಂಡ: 55 ತಗೊಂಡರೆ ವೇಗ ಡಬಲ್ ಆಗುತ್ತದಾ? 12 ಅಡಿ ದೋಣಿ ಗಂಟೆಗೆ 8 ಕಿ.ಮೀ. ದಾಟುವ ಹೊತ್ತಿಗೆ ತನ್ನದೇ ಅಲೆ ಹತ್ತಲಾಗದೆ ಒದ್ದಾಡುತ್ತದೆ.

ಮೀಟರ್‌ಮಾಮ: ಈಗ ವೇಗಕ್ಕೆ ಬಂದಿರಿ. ಹಾರ್ಸ್‌ಪವರ್ ಮಾತು ವಾಪಸ್ ತಗೊಂಡಂತಾಯ್ತು, ಅಲ್ವಾ?

ಗಾಳದಗುಂಡ: ಇಲ್ಲ.

ಹಳೆಅಂಬಿಗ: ಹದಿನೈದು ವರ್ಷದಿಂದ 30ರಲ್ಲೇ ಓಡಿಸುತ್ತಿದ್ದೇನೆ. ಒಮ್ಮೆ ಮಾತ್ರ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಪ್ರೊಪೆಲ್ಲರ್ ಹಿಂದೆ ಗಾಳದ ನೂಲು ಬಳೆಯಂತೆ ಬಿಗಿಯಾಗಿ ಸುತ್ತಿಕೊಂಡು, ಮೋಟಾರ್ ಒಳಗೆ ನೀರು ಹೋಗದಂತೆ ತಡೆಯುವ ಸೀಲ್ ಕೊಯ್ದಿತ್ತು. ಒಳಗೆ ಮೋಟಾರಿನ ಕಾರ್ಬನ್ ಬ್ರಷ್ ಸವೆದ ಪುಡಿ ಬೆರೆತ ನೀರು, ಕಾಡಿಗೆ ಕಲಸಿದ ಹಾಗೆ. ಪೌಂಡ್ ಯಾವುದಾದರೂ ಇರಲಿ, ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೋಡಿ.

ಎದುರುಗಾಳಿ: "ಒಮ್ಮೆ ಮಾತ್ರ ಕೈಕೊಟ್ಟಿತು." ನೋಡಿ, 30 ಕೈಕೊಡುತ್ತದೆ.

ಹಳೆಅಂಬಿಗ: ಅಯ್ಯೋ ಮಾರಾಯ, ನೂಲು ಸುತ್ತಿದ್ದಕ್ಕೆ.

ಹೊಸಹುಟ್ಟು: ಶಾಫ್ಟ್ ಬಗ್ಗೆ ಯಾರಾದರೂ?

ಹಳೆಅಂಬಿಗ: 36. ಪ್ರೊಪೆಲ್ಲರ್ ಮೇಲಿನ ರೆಕ್ಕೆ ಒಂದು ಗೇಣಾದರೂ ಮುಳುಗಿರಬೇಕು. ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಬರೀ ಬುರುಗು.

ಮೀಟರ್‌ಮಾಮ: ಗೇಣು ಅಂದರೆ ಯಾರ ಗೇಣು?